‘ಅವರೆಲ್ಲ ಗೇ ಆಗಿದ್ರಾ?’ ಅಂತ ಕೇಳುವವರಿಗೆ

ಎಂಬತ್ತರ ದಶಕದ ಇಂಗ್ಲಿಷ್ ಮ್ಯೂಸಿಕ್ ವಿಡಿಯೋಗಳ ಬಗ್ಗೆ ಏನೇ ಬರೆದರೂ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಗಂಡಸರು ಲಿಪ್‌ಸ್ಟಿಕ್ ಹಚ್ಚಿಕೊಂಡು, ಹೆಂಗಸರು ಕೋಟು ಟೈ ಹಾಕಿಕೊಂಡು ಹಾಡ್ತಿದ್ರಲ್ಲ, ಅವರೆಲ್ಲ ಗೇ ಆಗಿದ್ರಾ?

ಕೆಲವರು ಹೌದು, ಕೆಲವರು ಅಲ್ಲ. ಬಟ್ಟೆ ನೋಡಿ ಹೇಳಲು ಬರುವುದಿಲ್ಲ.

ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ‘ಐ ವಾಂಟ್ ಟು ಬ್ರೇಕ್ ಫ್ರೀ’ ನೋಡಿ, 1984ರದ್ದು. ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ವಿಗ್ಗು, ಗುಲಾಬಿ ಟಾಪು, ಕಪ್ಪು ಲೆದರ್ ಸ್ಕರ್ಟು ಹಾಕಿಕೊಂಡು ವ್ಯಾಕ್ಯೂಮ್ ಕ್ಲೀನರ್ ತಳ್ಳುತ್ತಾರೆ. ಮೀಸೆ ಮಾತ್ರ ತೆಗೆದಿಲ್ಲ! ಬ್ರಯನ್ ಮೇ ತಲೆಗೆ ಕರ್ಲರ್ ಸುತ್ತಿಕೊಂಡ ಗೃಹಿಣಿ, ಜಾನ್ ಡೀಕನ್ ಮುಖ ಗಂಟಿಕ್ಕಿದ ಅಜ್ಜಿ, ರೋಜರ್ ಟೇಲರ್ ಶಾಲೆಯ ಹುಡುಗಿ. ‘ಕೊರೊನೇಷನ್ ಸ್ಟ್ರೀಟ್’ ಅನ್ನುವ ಬ್ರಿಟಿಷ್ ಧಾರಾವಾಹಿಯ ಅಣಕ ಅದು. ಅಲ್ಲಿನ ಜನಕ್ಕೆ ಗಂಡಸರ ಹೆಣ್ಣುವೇಷ ಹಳೇ ತಮಾಷೆ, ನಕ್ಕರು, ಹಾಡು ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು. ಅಮೆರಿಕದವರಿಗೆ ಮುಜುಗರವಾಯಿತು, ಅಲ್ಲಿ 45ರಲ್ಲೇ ನಿಂತಿತು. ಆ ನಾಲ್ವರಲ್ಲಿ ಗಂಡಸರ ಜೊತೆ ಬಾಳಿದವರು ಫ್ರೆಡ್ಡಿ ಒಬ್ಬರೇ. ಹಾಡು ಬರೆದದ್ದು ಡೀಕನ್, ಹೆಂಡತಿ ಮಕ್ಕಳ ಸಂಸಾರಸ್ಥ. ಆದರೂ ವಿಡಿಯೋದಲ್ಲಿ ನಾಲ್ವರದ್ದೂ ಹೆಣ್ಣುವೇಷವೇ ಅಲ್ವಾ?

ಇದರ ನಿರ್ದೇಶಕ ಡೇವಿಡ್ ಮಾಲೆಟ್. 1979ರಲ್ಲಿ ಬ್ರಿಟಿಷ್ ಗಾಯಕ ಡೇವಿಡ್ ಬೋವಿಯ ‘ಬಾಯ್ಸ್ ಕೀಪ್ ಸ್ವಿಂಗಿಂಗ್’ ಮಾಡಿದ್ದೂ ಇವರೇ. ಅದರಲ್ಲಿ ಹಿಂದೆ ನಿಂತು ಕೋರಸ್ ಹಾಡುವ ಮೂವರು ‘ಹೆಂಗಸರೂ’ ಬೋವಿಯೇ. ವಿಗ್ ಕಿತ್ತೆಸೆದು, ಮುಂಗೈಯಲ್ಲಿ ಲಿಪ್‌ಸ್ಟಿಕ್ ಒರೆಸಿ ಮುಖವೆಲ್ಲ ರಾಡಿ ಮಾಡಿಕೊಳ್ಳುವ ಆ ಕ್ಷಣದಲ್ಲಿ ತಮಾಷೆ ಎಲ್ಲೋ ಹೊರಟುಹೋಗಿರುತ್ತದೆ.

ನಮ್ಮಲ್ಲಿ? ಫಾಲ್ಗುಣಿ ಪಾಠಕ್ ಇದ್ದರಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಬಳೆ, ಗೆಜ್ಜೆ ಅಂತ ಹಾಡುತ್ತಾ ಬಂದರು, ಹಾಕಿದ್ದು ಮಾತ್ರ ಪ್ಯಾಂಟು ಶರಟು. ಅದು ಅವರ ಉಡುಪು, ಅಷ್ಟೇ.

ನನಗೆ ಇಷ್ಟವಾದವರು ಆನಿ ಲೆನಾಕ್ಸ್, ಯೂರಿಥ್ಮಿಕ್ಸ್ ಜೋಡಿಯ ಗಾಯಕಿ. 1983ರ ‘ಸ್ವೀಟ್ ಡ್ರೀಮ್ಸ್’ನಲ್ಲಿ ಕಿತ್ತಳೆ ಬಣ್ಣದ ಗಿಡ್ಡ ಕ್ರಾಪು, ಸೂಟು, ಕೈಯಲ್ಲಿ ಕೋಲು, ಕಣ್ಣು ನೇರ ಕ್ಯಾಮೆರಾಕ್ಕೆ. (ಒಂದು ಹಸುವೂ ಬರುತ್ತದೆ, ಯಾಕೆ ಅಂತ ನನ್ನ ಕೇಳಬೇಡಿ.) ಈಕೆ ಮದುವೆಯಾದದ್ದು ಗಂಡಸರನ್ನೇ. ಸೂಟು ಹಾಕಿದ್ದು ಜೊತೆಗಾರ ಡೇವ್ ಸ್ಟೀವರ್ಟ್‌ಗೆ ಸರಿಸಮನಾಗಿ ನಿಲ್ಲಲು. ಮೈಮಾಟ ತೋರಿಸುವ ಗೊಂಬೆ ಅನ್ನಿಸಿಕೊಳ್ಳುವುದು ಬೇಕಿರಲಿಲ್ಲ. ಅದನ್ನು ನೋಡಿ ಜನ ಆಕೆ ಹೆಣ್ಣೋ ಗಂಡೋ ಅಂತ ತಲೆ ಕೆಡಿಸಿಕೊಂಡರು. ಸರಿ, ಹಾಗಾದರೆ ಇನ್ನಷ್ಟು ಕೆಡಿಸಿಕೊಳ್ಳಿ ಅನ್ನುವ ಹಾಗೆ 1984ರ ಗ್ರ್ಯಾಮಿ ಸಂಗೀತ ಪ್ರಶಸ್ತಿ ವೇದಿಕೆಗೆ ಅಮೆರಿಕದ ಗಾಯಕ ಎಲ್ವಿಸ್ ಪ್ರೆಸ್ಲಿ ಥರ ಸೈಡ್‌ಲಾಕ್ ಅಂಟಿಸಿಕೊಂಡು ಗಂಡಸಾಗಿಯೇ ಬಂದರು.

ಒಂದೇ ಒಂದು ನೋಡುವಷ್ಟು ಪುರುಸೊತ್ತಿದ್ದರೆ ಅವರದ್ದೇ ‘ಹೂಸ್ ದಟ್ ಗರ್ಲ್’ ನೋಡಿ. ಹೊಂಬಣ್ಣದ ಕೂದಲಿನ ಕ್ಲಬ್ ಗಾಯಕಿಯೂ ಆನಿ, ಕೆಳಗೆ ಕೂತು ಆಕೆಯನ್ನೇ ನೋಡುವ ಗಂಡಸೂ ಆನಿ. ಡೇವ್ ಒಬ್ಬೊಬ್ಬ ಹುಡುಗಿಯ ಜೊತೆ ಓಡಾಡುತ್ತಿರುತ್ತಾನೆ. ಆ ‘ಹುಡುಗಿ’ಯರಲ್ಲಿ ಒಬ್ಬರು ಮ್ಯಾರಿಲಿನ್ ಅನ್ನುವ ಹೆಸರಿನ ಗಾಯಕ, ಗಂಡಸು, ಗೊತ್ತಿಲ್ಲದವರಿಗೆ ಸುಳಿವೇ ಸಿಗುವುದಿಲ್ಲ. ಕೊನೇವರೆಗೂ ನೋಡಿ, ಮಧ್ಯದಲ್ಲಿ ನಿಲ್ಲಿಸಬೇಡಿ: ಆ ಇಬ್ಬರು ಆನಿಯರು ಪರಸ್ಪರ ಮುತ್ತಿಟ್ಟುಕೊಳ್ಳುತ್ತಾರೆ. ಈಗ ಹೇಳಿ, ಅಲ್ಲಿ ಯಾರು ಗೇ?