ಪೇಂಟ್‌ಬಾಲ್ ಪ್ರಾಜೆಕ್ಟ್: ಎಡ-ಬಲ ಬೇರೆ, ಮೇಲೆ-ಕೆಳಗೆ ಬೇರೆ

ಮಗಳ ಒಂಬತ್ತನೇ ಕ್ಲಾಸಿನ ವಿಜ್ಞಾನ ಪ್ರಾಜೆಕ್ಟ್ ಈಗ ಒಂದು ಹದಕ್ಕೆ ಬಂದಿದೆ. ಪ್ರಶ್ನೆ ಇಷ್ಟೇ: ಪೇಂಟ್‌ಬಾಲ್, ಅಂದರೆ ಮಾರ್ಕರ್ ಅನ್ನೋ ಆಟದ ಬಂದೂಕಿನಿಂದ ಗ್ಯಾಸಿನ ಒತ್ತಡದಲ್ಲಿ ಹೊಡೆಯುವ ಬಣ್ಣ ತುಂಬಿದ ಬಾಲು, ಗುರಿ ತಪ್ಪುವುದು ಯಾಕೆ? ಬ್ಯಾರಲ್ (ಮಾರ್ಕರಿನ ನಳಿಗೆ) ಉದ್ದ, ಗ್ಯಾಸು, ಬಾಲಿನ ಸೈಜು, ಬೀಸುವ ಗಾಳಿ, ಹೊಡೆಯುವವರ ಕೈ ಅಂತ ಕಾರಣಗಳ ಪಟ್ಟಿ ದೊಡ್ಡದೇ ಇತ್ತು.

ಮೊದಲು ಕೈಯನ್ನು ಲೆಕ್ಕದಿಂದ ತೆಗೆದೆವು. ಬೆಂಗಳೂರಿನ ಹೊರಗೆ ಒಂದು ಪೇಂಟ್‌ಬಾಲ್ ಮೈದಾನದವರು ಬೆಳಗ್ಗೆ ಆಟ ಶುರುವಾಗುವ ಮೊದಲು ಜಾಗ ಬಿಟ್ಟುಕೊಡುತ್ತಾರೆ. ಬಡಗಿಗಳು ಬಳಸುವ ವೈಸನ್ನು ಮೇಜಿಗೆ ಬಿಗಿದು, ಮಾರ್ಕರ್‌ಗೆ ರಬ್ಬರ್ ಸುತ್ತಿ ಅದರಲ್ಲಿ ಕೂರಿಸುತ್ತೇವೆ. 20 ಮೀಟರ್ ದೂರದಲ್ಲಿ ಡ್ರಾಯಿಂಗ್ ಶೀಟ್ ಅಂಟಿಸಿದ ಹಲಗೆ. ಮಾಸ್ಕ್ ಹಾಕದೆ ಯಾರೂ ಹತ್ತಿರ ಸುಳಿಯುವಂತಿಲ್ಲ. ಈ ವಿಷಯದಲ್ಲಿ ಮಗಳು ತುಂಬಾ ಸ್ಟ್ರಿಕ್ಟ್.

ವೈಸಿನಲ್ಲಿ ಬಿಗಿದರೂ ಗುರುತುಗಳು ಒಂದೇ ಕಡೆ ಬೀಳಲಿಲ್ಲ. ಎಲ್ಲವೂ ಒಟ್ಟಿಗೆ ಎಡಕ್ಕೆ ಬಿದ್ದಿದ್ದರೆ ಮಾರ್ಕರನ್ನು ಸ್ವಲ್ಪ ತಿರುಗಿಸಿದರೆ ಆಯಿತು. ಚದುರಿ ಬಿದ್ದರೆ ಅದಕ್ಕೆ ಬೇರೆ ಕಾರಣ ಇರಲೇಬೇಕು, ಅಲ್ವಾ? ಆಗ ಮಗಳು ಒಂದು ಉಪಾಯ ಮಾಡಿದಳು. ಪ್ರತಿ ಗುರುತಿಗೂ ಎರಡು ಅಳತೆ ಬರೆಯೋದು. ನಡುಗೆರೆಯಿಂದ ಎಡಕ್ಕೋ ಬಲಕ್ಕೋ ಎಷ್ಟು ದೂರ, ಮೇಲಕ್ಕೋ ಕೆಳಕ್ಕೋ ಎಷ್ಟು ದೂರ. ನನ್ನ ಪ್ರಕಾರ ಇಡೀ ಪ್ರಾಜೆಕ್ಟಿನ ಜೀವಾಳ ಇದೇ.

ಯಾಕೆ ಅಂದರೆ, ಸಾಮಾನ್ಯ ಪೇಂಟ್‌ಬಾಲ್ 0.68 ಇಂಚು, ಅಂದರೆ ಸುಮಾರು 17 ಮಿಲಿಮೀಟರ್ ದಪ್ಪ. ತೂಕ ಹತ್ತಿರ ಹತ್ತಿರ 3 ಗ್ರಾಂ. ನಾವು ವೇಗವನ್ನು ಸೆಕೆಂಡಿಗೆ 280 ಅಡಿಗೆ, ಅಂದರೆ ಸುಮಾರು 85 ಮೀಟರ್‌ಗೆ ಇಟ್ಟಿದ್ದೇವೆ. ಗಾಳಿಯ ತಡೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಬಾಲು ಹಲಗೆ ಮುಟ್ಟುವಷ್ಟರಲ್ಲಿ ಒಂದಡಿಗಿಂತ ಜಾಸ್ತಿ ಕೆಳಗೆ ಇಳಿದಿರುತ್ತದೆ. ವೇಗ 85ರಿಂದ 80ಕ್ಕೆ ಬಿದ್ದರೆ ಇನ್ನೂ 5 ಸೆಂಟಿಮೀಟರ್‌ನಷ್ಟು ಕೆಳಗೆ. ವೇಗ ಎಷ್ಟು ಏರುಪೇರಾದರೂ ಅದೊಂದರಿಂದಲೇ ಬಾಲು ಪಕ್ಕಕ್ಕೆ ಹೋಗುವುದಿಲ್ಲ.

ಗ್ಯಾಸಿನ ಪರೀಕ್ಷೆಯಲ್ಲಿ ಇದು ಚೆನ್ನಾಗಿ ಕಂಡಿತು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಲ್ಲಿ ದ್ರವವಾಗಿ ಇರುತ್ತದೆ. ಹೊಡೆದ ಹಾಗೆಲ್ಲ ಅದು ಆವಿಯಾಗಬೇಕು, ಆವಿಯಾದಾಗ ಸಿಲಿಂಡರ್ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ. ಬಿಡುವು ಕೊಡದೆ ಹೊಡೆದಾಗ ಸಿಲಿಂಡರಿನ ಹೊರಮೈ ಬೆವರಿತು, ವೇಗ ಅಳೆಯುವ ಕ್ರೋನೋಗ್ರಾಫಿನ ಅಂಕಿ ಇಳಿಯಿತು, ಶೀಟಿನ ಮೇಲೆ ಗುರುತುಗಳು ಮೆಟ್ಟಿಲಿಳಿದ ಹಾಗೆ ಒಂದರ ಕೆಳಗೆ ಒಂದು ಬಿದ್ದವು. ಬಿಡುವು ಕೊಟ್ಟು ಹೊಡೆದರೆ ಮತ್ತೆ ಮೇಲಕ್ಕೆ ಬಂದವು. ರೆಗ್ಯುಲೇಟರ್ ಇರುವ ಒತ್ತುಗಾಳಿಯ ಸಿಲಿಂಡರ್ ಹಾಕಿದಾಗ ಈ ಇಳಿತ ಕಾಣಲಿಲ್ಲ. ಎಡ-ಬಲದ ಚದುರು ಮಾತ್ರ ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇತ್ತು.

ಬ್ಯಾರಲ್ ಉದ್ದ ಜಾಸ್ತಿಯಾದರೆ ಗುರಿ ಸರಿಯಾಗುತ್ತದೆ ಅಂತ ಆಟಗಾರರು ಹೇಳುತ್ತಾರೆ. 8 ಇಂಚು, 14 ಇಂಚು ಎರಡನ್ನೂ ಹಾಕಿ ನೋಡಿದೆವು. ನಮ್ಮ ಶೀಟಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಬ್ಯಾರಲ್ ಒಳಗೆ ಬಾಲು ಹೇಗೆ ಕೂರುತ್ತದೆ ಅನ್ನೋದು ಅದಕ್ಕಿಂತ ಮುಖ್ಯ. ಬಿಚ್ಚಿದ ಬ್ಯಾರಲ್‌ಗೆ ಬಾಲು ಹಾಕಿದಾಗ ತಾನಾಗಿ ಜಾರಿ ಆಚೆ ಬಂದರೆ ಸಡಿಲ. ಅಲ್ಲೇ ನಿಂತು, ಬಾಯಿಂದ ಊದಿದರೆ ಹೋದರೆ ಸರಿ. ಸಡಿಲ ಇದ್ದರೆ ಗ್ಯಾಸು ಪಕ್ಕದಿಂದ ನುಸುಳಿ ಪ್ರತಿ ಹೊಡೆತದ ವೇಗವೂ ಬೇರೆಯಾಗುತ್ತದೆ. ತೀರಾ ಬಿಗಿಯಾದರೆ ಬಾಲು ಒಳಗೇ ಒಡೆಯುತ್ತದೆ. ಆಮೇಲೆ ಬ್ಯಾರಲ್ ಪೂರ್ತಿ ಒರೆಸುವವರೆಗೆ ಹೊಡೆದದ್ದೆಲ್ಲ ಎಲ್ಲೆಲ್ಲೋ ಹೋಗುತ್ತದೆ, ಆ ಗುರುತುಗಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಹಾಗಾದರೆ ಪಕ್ಕಕ್ಕೆ ತಳ್ಳುವುದು ಯಾವುದು? ನಮ್ಮ ಗುಮಾನಿ ಬಾಲಿನ ಮೇಲೆಯೇ. ಕಣ್ಣ ಹತ್ತಿರ ಹಿಡಿದರೆ ನಡುವೆ ಸಣ್ಣ ಬೆಸುಗೆಗೆರೆ ಕಾಣುತ್ತದೆ. ಎರಡು ಅರ್ಧಗಳು ಅಲ್ಲಿ ಕೂಡಿರುತ್ತವೆ. ಗೆರೆಯ ಮೇಲೆ ಒಂದು ಸಲ, ಅಡ್ಡಲಾಗಿ ಒಂದು ಸಲ ವರ್ನಿಯರ್ ಇಟ್ಟರೆ ಎಷ್ಟೋ ಬಾಲುಗಳಲ್ಲಿ ಎರಡು ಅಳತೆ ಒಂದೇ ಬರುವುದಿಲ್ಲ. ಸಿಪ್ಪೆ ಜೆಲಾಟಿನ್‌ನದ್ದು, ತೇವ ಹೀರುತ್ತದೆ. ಮಳೆಗಾಲದಲ್ಲಿ ತಟ್ಟೆಯಲ್ಲಿ ತೆರೆದಿಟ್ಟ ಬಾಲುಗಳು ಊದಿಕೊಂಡು ಅಂಟಂಟಾದವು, ಕೆಲವಕ್ಕೆ ಕುಳಿ ಬಿತ್ತು. ಸರಿಯಾಗಿ ಗುಂಡಗಿಲ್ಲದ ಬಾಲು ಹೇಗೆಂದರೆ ಹಾಗೆ ತಿರುಗುತ್ತಾ ಹೊರಬರುತ್ತದೆ. ತಿರುಗುವ ಬಾಲಿನ ಒಂದು ಪಕ್ಕದಲ್ಲಿ ಗಾಳಿ ಬೇಗ ಹರಿಯುತ್ತದೆ, ಇನ್ನೊಂದು ಪಕ್ಕದಲ್ಲಿ ನಿಧಾನ. ಕ್ರಿಕೆಟ್ಟಿನಲ್ಲಿ ಸ್ಪಿನ್ನರ್ ಎಸೆದ ಚೆಂಡು ಗಾಳಿಯಲ್ಲೇ ವಾಲುವುದಕ್ಕೂ ಇದೇ ಕಾರಣ, ಮ್ಯಾಗ್ನಸ್ ಪರಿಣಾಮ. ಸ್ಪಿನ್ನರ್ ಬೇಕೆಂದ ಕಡೆಗೆ ತಿರುಗಿಸುತ್ತಾನೆ. ಇಲ್ಲಿ ಪ್ರತಿ ಬಾಲಿನ ತಿರುಗು ಬೇರೆ, ಹಾಗಾಗಿ ವಾಲುವ ಕಡೆಯೂ ಬೇರೆ.

ಆರಿಸಿದ ಗುಂಡನೆಯ ಬಾಲುಗಳಿಂದ ಎಡ-ಬಲದ ಚದುರು ಕಡಿಮೆಯಾದಂತೆ ಕಂಡಿದೆ. ಆದರೆ ಯಾವ ಬಾಲು ಅಂತ ಗೊತ್ತಿದ್ದೇ ಅಳೆದದ್ದು, ಅದು ಸಾಲದು. ಮುಂದಿನ ಸಲ ಒಂದೇ ಡಬ್ಬಿಯ ಬಾಲುಗಳನ್ನು ಗುಂಡಗಿರುವವು, ಓರೆ ಇರುವವು ಅಂತ ನಾನು ಬೇರೆ ಮಾಡಿ, ಅವಳಿಗೆ ಹೇಳದೆ ಹಾಪರ್‌ಗೆ (ಮಾರ್ಕರಿಗೆ ಬಾಲು ತುಂಬುವ ಡಬ್ಬಿ) ಹಾಕುತ್ತೇನೆ. ಶೀಟುಗಳಿಗೆ ಬರೀ ನಂಬರ್ ಇರುತ್ತದೆ. ಅವಳು ಎಲ್ಲವನ್ನೂ ಅಳೆದು ಗ್ರಾಫ್ ಹಾಕಿದ ಮೇಲೆ, ಯಾವ ನಂಬರಿಗೆ ಯಾವ ಬಾಲು ಅಂತ ಬರೆದಿಟ್ಟ ನನ್ನ ಚೀಟಿ ತೆಗೆಯೋದು ಅಂತ ಮಾತಾಗಿದೆ.