ಮನೇಲಿ ಎರಡು ನಾಯಿ, ಜಗಳ ಇಲ್ದೆ

ನಮ್ಮನೇಲಿ ಮೊದ್ಲಿಂದ ಇರೋದು ಕರಿಯ, ಮುಧೋಳ ನಾಯಿ, ಆಮೇಲೆ ಬೀದಿಯಿಂದ ತಂದಿದ್ದು ಚಿನ್ನಿ. ಎರಡನ್ನೂ ಸೀದಾ ಮನೆಯೊಳಗೆ ಮುಖಾಮುಖಿ ಬಿಡ್ಲಿಲ್ಲ, ಯಾಕಂದ್ರೆ ಹಳೇ ನಾಯಿಗೆ ಮನೆ ಅಂದ್ರೆ ತನ್ನ ಜಾಗ. ಬಡಾವಣೆ ಆಚೆ ಖಾಲಿ ಮೈದಾನದಲ್ಲಿ ನಾನೊಂದನ್ನ, ನಮ್ಮಕ್ಕ ಇನ್ನೊಂದನ್ನ ಹಿಡ್ಕೊಂಡು, ನಡುವೆ ಸಾಕಷ್ಟು ದೂರ ಬಿಟ್ಟು ಒಂದೇ ದಿಕ್ಕಲ್ಲಿ ವಾಕಿಂಗ್ ಮಾಡಿದ್ವಿ, ಬೆಲ್ಟ್ ಎಳೀದೆ ಸಡಿಲವಾಗೇ ಬಿಟ್ಟು, ದಿನಾ ಸ್ವಲ್ಪ ಸ್ವಲ್ಪ ಹತ್ರ ಬಂದು, ಕೊನೆಗೆ ತಾವಾಗೇ ಒಂದನ್ನೊಂದು ಮೂಸಿ ನೋಡಿದ್ವು. ಎಷ್ಟು ಖುಷಿ ಆಯ್ತು ಗೊತ್ತಾ!

ಊಟ ಮಾತ್ರ ಇವತ್ತಿಗೂ ಬೇರೆ ಬೇರೆ ರೂಮಲ್ಲೇ. ಕರಿಯ ತಟ್ಟೆ ಮುಂದೆ ಮೈ ಸೆಟೆದು ನಿಂತು, ಮುಖ ತಿರುಗಿಸದೆ, ಕಣ್ಣಂಚಿನ ಬಿಳಿ ಕಾಣೋ ಹಾಗೆ ನೋಡ್ತಾನೆ, ಅದು ಗುರ್ ಅನ್ನೋಕೂ ಮುಂಚಿನ ಎಚ್ಚರಿಕೆ. ಗುರ್ ಅಂದ್ರೆ ದಯವಿಟ್ಟು ಬೈಬೇಡಿ, ಹೊಡೀಬೇಡಿ, ಗುರುಗುಟ್ಟೋದನ್ನ ಬಿಡಿಸಿದ್ರೆ ನಾಳೆ ಸೂಚನೆನೇ ಕೊಡ್ದೆ ಕಚ್ಚಬಹುದು. ಜಗಳ ಹತ್ಕೊಂಡ್ರೆ ಮಧ್ಯೆ ಕೈ ಹಾಕ್ಬೇಡಿ, ನೀರು ಎರಚಿ, ಇಲ್ಲಾ ನಡುವೆ ದೊಡ್ಡ ರಟ್ಟು ತಳ್ಳಿ. ಚೆನ್ನಾಗಿದ್ದ ನಾಯಿಗಳು ಇದ್ದಕ್ಕಿದ್ದಂಗೆ ಕಿತ್ತಾಡೋಕೆ ಶುರು ಮಾಡಿದ್ರೆ ಮೊದ್ಲು ಪಶು ಡಾಕ್ಟರ್ ಹತ್ರ ತೋರ್ಸಿ, ಕೀಲುನೋವು, ಕಿವಿ ಸೋಂಕು ಇದ್ರೂ ಹೀಗಾಡ್ತವೆ.