‘ಬ’ ಅಲ್ಲ, ‘ಬ್’: ಇಂಗ್ಲೆಂಡಿನ ಶಾಲೆಯ ಓದು, ನಮ್ಮನೆಯ ಅಭ್ಯಾಸ

ಇಂಗ್ಲೆಂಡಿನಲ್ಲಿ ನಾಲ್ಕು ತುಂಬಿದ ಮಕ್ಕಳು ಮುಂದಿನ ಸೆಪ್ಟೆಂಬರಿಗೆ ಶಾಲೆಯ ಮೊದಲ ತರಗತಿಯಾದ ರಿಸೆಪ್ಶನ್‌ಗೆ ಸೇರುತ್ತಾರೆ. ಅಲ್ಲಿ ಓದು ಶುರುವಾಗುವುದು ಎಬಿಸಿಡಿ ಬಾಯಿಪಾಠದಿಂದಲ್ಲ, ಅಕ್ಷರಗಳ ಸದ್ದಿನಿಂದ. ಇದೇ ಫೋನಿಕ್ಸ್. ಎಷ್ಟೋ ಶಾಲೆಗಳಲ್ಲಿ ಮೊದಲ ಕಂತು ಎಸ್, ಎ, ಟಿ, ಪಿ, ಐ, ಎನ್. ಈ ಆರರಿಂದಲೇ ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್ ಅಂತ ಹತ್ತಾರು ಪದ ಸಿಗುತ್ತವೆ.

ಕನ್ನಡದವರ ಮನೆಯಲ್ಲಿ ಎಡವಟ್ಟಾಗುವುದು ಇಲ್ಲೇ. ನಮ್ಮ ವ್ಯಂಜನಕ್ಕೆ ಅಕಾರ ಅಂಟಿಕೊಂಡೇ ಇರುತ್ತದೆ. ಬಿ ತೋರಿಸಿ ‘ಬ’ ಅಂತೀವಿ, ಟಿ ತೋರಿಸಿ ‘ಟ’. ಮಗು ಪಾಪ ಶ್ರದ್ಧೆಯಿಂದ ಬ-ಆ್ಯ-ಟ ಅಂತ ಕೂಡಿಸುತ್ತದೆ. ಬ್ಯಾಟ್ ಮಾತ್ರ ಆಗುವುದೇ ಇಲ್ಲ. ಅರ್ಧಾಕ್ಷರವನ್ನೇ ಹೇಳಿ: ಬ್, ಟ್. ಎಸ್, ಎಮ್, ಎನ್, ಎಫ್ ಸದ್ದುಗಳನ್ನು ಎಳೆಯಬಹುದು: ಸ್ಸ್ಸ್, ಮ್ಮ್ಮ್. ಬಿ, ಡಿ, ಟಿ, ಪಿಗಳನ್ನು ಎಳೆಯಲು ಹೋದರೆ ಅಕಾರ ನುಸುಳುತ್ತದೆ, ಚುಟುಕಾಗಿ ಬಿಟ್ಟುಬಿಡಬೇಕು. ಹಾಗಾಗಿ ಮೊದಲು ಸನ್, ಮ್ಯಾನ್, ಫ್ಯಾನ್ ತರಹದ ಪದಗಳೇ ವಾಸಿ.

ಮೂರನೇ ಸದ್ದಿಗೆ ಬರುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತಿದೆಯೇ? ಮೊದಲೆರಡನ್ನು ಕೂಡಿಸಿ ‘ಮ್ಯಾ’ ಅನ್ನಿಸಿ, ಆಮೇಲೆ ‘ನ್’ ಸೇರಿಸಿ. ಕಾಗುಣಿತ ತಿದ್ದಿದವರಿಗೆ ಇದು ಹೊಸದೇನಲ್ಲ.

ಶಾಲೆಯಿಂದ ಬರುವ ತೆಳು ಪುಸ್ತಕ ಸಾಮಾನ್ಯವಾಗಿ ಮಗು ಕಲಿತಿರುವ ಸದ್ದುಗಳಿಂದಲೇ ಕಟ್ಟಿದ್ದು. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ಅದೇ ಪುಸ್ತಕವನ್ನು ಎರಡು-ಮೂರು ದಿನ ಓದಿಸಬೇಕು. ಸರಾಗ ಬರುವುದು ಮರು ಓದಿನಲ್ಲೇ. ಹತ್ತು ಪದಕ್ಕೆ ಒಂದಕ್ಕಿಂತ ಹೆಚ್ಚು ಕಡೆ ತಡವರಿಸಿದರೆ ಪುಸ್ತಕ ಕಷ್ಟದ್ದು. ರೀಡಿಂಗ್ ರೆಕಾರ್ಡಿನಲ್ಲಿ, ಅಂದರೆ ಮನೆಯ ಓದಿನ ಬಗ್ಗೆ ಶಾಲೆಗೆ ಬರೆದು ಕಳಿಸುವ ಪುಸ್ತಕದಲ್ಲಿ, ಹಾಗೇ ಬರೆದು ಕಳಿಸಿ. ಚಿತ್ರ ನೋಡಿ ಊಹಿಸುತ್ತಿದ್ದರೆ ಚಿತ್ರದ ಮೇಲೆ ಕೈ ಇಡಿ. ‘ಸೆಡ್’ (said)ನಂಥ ತಕರಾರಿನ ಪದವನ್ನು ಪೂರ್ತಿ ಉರುಹೊಡೆಸಬೇಡಿ: ಎಸ್, ಡಿ ನೆಟ್ಟಗೇ ಇವೆ, ನಡುವಿನ ಎಐ ಮಾತ್ರ ಕೈಕೊಡುತ್ತದೆ ಅಂತ ತೋರಿಸಿ.

ರಿಸೆಪ್ಶನ್ ಮುಗಿದ ಮೇಲಿನ ತರಗತಿ ಇಯರ್ ಒನ್‌ನ ಜೂನಿನಲ್ಲಿ ಫೋನಿಕ್ಸ್ ಪರೀಕ್ಷೆ ಇದೆ, 2012ರಿಂದ. ಟೀಚರ್ ಎದುರು ಕೂತು 40 ಪದ ಓದಬೇಕು. ಅದರಲ್ಲಿ 20 ಅರ್ಥವೇ ಇಲ್ಲದವು, ಬಾಯಿಪಾಠ ಮಾಡಿಕೊಂಡು ಹೋಗಲು ಆಗದಿರಲಿ ಅಂತ. ಇಷ್ಟು ವರ್ಷ 32 ಸರಿಯಾದರೆ ಪಾಸು. ಪಾಸಾಗದವರಿಗೆ ಇಯರ್ ಟೂನಲ್ಲಿ ಮತ್ತೊಂದು ಅವಕಾಶ. ಇದಕ್ಕಾಗಿ ಮೇ ತಿಂಗಳಿಡೀ ಅರ್ಥವಿಲ್ಲದ ಪದಗಳನ್ನು ಓದಿಸುವ ಅಪ್ಪ-ಅಮ್ಮಂದಿರಿದ್ದಾರೆ. ಮಗುವಿಗೆ ಓದೇ ಬೇಜಾರಾಗುತ್ತದೆ, ಅಷ್ಟೇ.

ಊರಿನಿಂದ ವಿಡಿಯೋ ಕಾಲ್ ಮಾಡಿ ‘ಎಬಿಸಿಡಿ ಹೇಳು ಪುಟ್ಟಾ’ ಅನ್ನುವ ಅಜ್ಜಿ-ತಾತಂದಿರಿಗೂ ಇಲ್ಲಿ ಕೆಲಸವಿದೆ. ಕನ್ನಡದಲ್ಲೇ ಕಥೆ ಹೇಳಿ. ಓದಿದ್ದು ಅರ್ಥವಾಗಲು ಕೇಳಿದ ಮಾತೇ ಬಂಡವಾಳ. ಆಮೇಲೆ ಒಂದು ಆಟ: ಮಾವು, ಮೂಗು, ಮೀಸೆ, ಮೂರಕ್ಕೂ ಮೊದಲು ಬರುವ ಸದ್ದು ಯಾವುದು? ‘ಮಾ’, ‘ಮೂ’ ಅಂದರೆ ಒಪ್ಪಬೇಡಿ, ತುಟಿ ಮುಚ್ಚಿಸಿ ‘ಮ್ಮ್ಮ್’ ಅನ್ನಿಸಿ. ಅದು ಬಂದ ಮೇಲೆ ಮೂಗಿನಿಂದ ‘ಮ್’ ತೆಗೆದರೆ ಏನು ಉಳಿಯುತ್ತದೆ ಅಂತ ಕೇಳಿ. ‘ಊಗು’ ಅನ್ನಲು ಬಂದ ಮಗುವಿಗೆ ಇಂಗ್ಲಿಷ್ ಪದಗಳನ್ನೂ ಸದ್ದು ಸದ್ದಾಗಿ ಬಿಡಿಸುವುದು ಸಲೀಸು.